ಒಬ್ಬರೇ ಎತ್ತಬಲ್ಲ ಗಾಡಿ

ಮಲೆನಾಡಿನ ಅಸಲಿ ಡರ್ಟ್ ಬೈಕ್ ಯಾವುದು ಎಂದು ಯಾರಾದರೂ ಕೇಳಿದರೆ ಹಿಂದೆಮುಂದೆ ನೋಡದೆ ಟಿವಿಎಸ್ ಎಕ್ಸೆಲ್ ಎನ್ನುತ್ತೇನೆ. ಮುಂದೆ ಗೊಬ್ಬರದ ಚೀಲ, ಹಿಂದೆ ಹಾಲಿನ ಕ್ಯಾನು, ಪಕ್ಕದಲ್ಲಿ ಸಿಕ್ಕಿಸಿದ ಕತ್ತಿ. ಗದ್ದೆ ಅಂಚು, ಕೆರೆ ಏರಿ, ಚಾನೆಲ್ ಪಕ್ಕದ ದಾರಿ, ಎಲ್ಲ ಕಡೆಗೂ ಅದು ಹೋಗಿ ಬಂದಿದೆ. 100 ಸಿಸಿ ಕೂಡ ತುಂಬದ ಎಂಜಿನ್, ಹೆಚ್ಚುಕಡಿಮೆ 90 ಕೆಜಿ ತೂಕ. ಜಾರಿ ಬಿದ್ದರೆ ಅರವತ್ತು ದಾಟಿದ ಅಜ್ಜನೂ ಎತ್ತಿ ನಿಲ್ಲಿಸಿ, ಪಂಚೆ ಕೊಡವಿಕೊಂಡು ಹೊರಡುತ್ತಾನೆ. ಜಾಹೀರಾತಿನಲ್ಲಿ ಮರಳುದಿಬ್ಬದ ಮೇಲೆ ಹಾರುವ ಬೈಕುಗಳನ್ನು ನೋಡಿ ಮರುಳಾಗುವ ಮುಂಚೆ ಈ ಅಜ್ಜನನ್ನು ಒಮ್ಮೆ ಗಮನಿಸಿ.

ಆದರೂ ಎಕ್ಸೆಲ್‌ಗೆ ಮಿತಿಯಿದೆ. ಕೊರಕಲಿಗೆ ಇಳಿದರೆ ಅಡಿ ತಾಗುತ್ತದೆ, ಡಾಂಬರಿನ ಮೇಲೆ ಲಾರಿಗಳ ನಡುವೆ ಅದಕ್ಕೆ ಓಟ ಸಾಲದು. ಡಿಗ್ರಿ ಮುಗಿಸಿ, ಬೆಂಗಳೂರಲ್ಲಿ ಒಂದಷ್ಟು ವರ್ಷ ದುಡಿದು, ಈಗ ಊರಿಗೆ ಬಂದು ಅಡಿಕೆ, ಶುಂಠಿ ನೋಡಿಕೊಳ್ಳುತ್ತಿರುವ ಹುಡುಗರು ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಸಾಕಷ್ಟಿದ್ದಾರೆ. ಅವರಿಗೆ ಬೇಕಾದದ್ದು ಎರಡೂ ಕೆಲಸಕ್ಕೆ ಆಗುವ ಗಾಡಿ. ಬೆಳಗ್ಗೆ ತೋಟದ ಬೇಲಿವರೆಗೆ ಹೋಗಬೇಕು, ಮಧ್ಯಾಹ್ನ ಶಿರಾಳಕೊಪ್ಪದ ಪೇಟೆಗೋ ಆನಂದಪುರಕ್ಕೋ ಹೋಗಿ ಬರಬೇಕು, ಭಾನುವಾರ ಅಂಬ್ಲಿಗೊಳ ಜಲಾಶಯದ ಸುತ್ತಿನ ಮಣ್ಣುದಾರಿಗಳಲ್ಲಿ ಮನಸ್ಸಿಗೆ ಬಂದಷ್ಟು ಸುತ್ತಬೇಕು. ಜೊತೆಗೆ ನಂಬರ್ ಪ್ಲೇಟು, ಇನ್ಶೂರೆನ್ಸು ಎಲ್ಲ ಇದ್ದು ಪೊಲೀಸರು ಕೈ ತೋರಿಸಿದರೆ ಎದೆ ಹೊಡೆದುಕೊಳ್ಳಬಾರದು. ಇಂಥವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಸಿಸಿ ತಗೋಬೇಕು?’ ಎಂಬುದು. ಆ ಪ್ರಶ್ನೆಯಿಂದ ಶುರು ಮಾಡಿದರೆ ತಪ್ಪು ಗಾಡಿಯೇ ಮನೆಗೆ ಬರುತ್ತದೆ.

ನೆಲದಿಂದ ಶುರು ಮಾಡಬೇಕು. ಶಿಕಾರಿಪುರದ ಪೂರ್ವಕ್ಕೆ ಹೋದಂತೆ ಮೆಕ್ಕೆಜೋಳದ ಬಯಲು. ಸೊರಬದ ಕಡೆ ಹೊರಳಿದಂತೆ ಗದ್ದೆ, ಅಡಿಕೆ, ಅನಾನಸು, ನಡುನಡುವೆ ಕಾನು ಎಂದು ಕರೆಯುವ ಕಾಡು. ಅಂಬ್ಲಿಗೊಳದ ಆಸುಪಾಸು ಈ ಎರಡೂ ಕಲೆತ ಅರೆಮಲೆನಾಡು. ಇಲ್ಲಿನ ಕೆಂಪು ಜಂಬಿಟ್ಟಿಗೆ ನೆಲಕ್ಕೆ ವರ್ಷದಲ್ಲಿ ಮೂರು ಸ್ವಭಾವ. ಮಾರ್ಚ್ ಏಪ್ರಿಲ್‌ನಲ್ಲಿ ಗಟ್ಟಿ ನೆಲದ ಮೇಲೆ ಹುರಿಗಡಲೆ ಗಾತ್ರದ ನೊರಜುಗಲ್ಲು ಹರಡಿಕೊಂಡಿರುತ್ತದೆ. ಮುಂದಿನ ಬ್ರೇಕು ಒತ್ತಿದರೆ ಚಕ್ರ ಕಲ್ಲಿನ ಮೇಲೆಯೇ ಉರುಳಿಕೊಂಡು ಹೋಗುತ್ತದೆ. ಜೂನ್ ಕಳೆದ ಮೇಲೆ ಅದೇ ದಾರಿ ಮೇಲ್ಮೈಯಲ್ಲಿ ಪಾಚಿ ಕಟ್ಟಿ ನುಣುಪಾಗುತ್ತದೆ, ಟ್ರ್ಯಾಕ್ಟರ್ ಓಡಾಡಿದ ಕಡೆ ಮೊಣಕಾಲುದ್ದ ರಾಡಿ. ಅಕ್ಟೋಬರ್ ನವೆಂಬರ್‌ನಲ್ಲಿ ಆ ರಾಡಿಯೇ ಒಣಗಿ ಟ್ರ್ಯಾಕ್ಟರ್ ಚಕ್ರದ ಗುರುತು ಗಟ್ಟಿ ಕೊರಕಲಾಗಿ ಉಳಿಯುತ್ತದೆ. ಒಮ್ಮೆ ಅದರೊಳಗೆ ಮುಂದಿನ ಚಕ್ರ ಇಳಿಯಿತೋ, ಎಲ್ಲಿಗೆ ಹೋಗಬೇಕೆಂಬುದನ್ನು ಕೊರಕಲೇ ತೀರ್ಮಾನಿಸುತ್ತದೆ.

ಇದಲ್ಲದೆ ಬೇಸಿಗೆಯಲ್ಲಿ ನೀರು ಇಳಿದಾಗ ತೆರೆದುಕೊಳ್ಳುವ ಜಲಾಶಯದ ಅಂಗಳ ಬೇರೆ. ಬಿರುಕು ಬಿಟ್ಟ ಅಗಲವಾದ ಬಯಲು ನೋಡಿದರೆ ಯಾರಿಗಾದರೂ ಗಾಡಿ ಓಡಿಸುವ ಆಸೆ ಹುಟ್ಟಬೇಕು. ಹೂಳಿನ ಗುಣ ಗೊತ್ತಿದ್ದವರು ಮಾತ್ರ ದಡದಲ್ಲೇ ನಿಲ್ಲುತ್ತಾರೆ. ಮೇಲೆ ಒಣಗಿದ ಹಪ್ಪಳಿಕೆ, ಕೆಳಗೆ ಇನ್ನೂ ಹಸಿ ಕೆಸರು. ನೀರಿನ ಹತ್ತಿರ ಹೋದಷ್ಟೂ ಹಪ್ಪಳಿಕೆ ತೆಳ್ಳಗಾಗುತ್ತದೆ. ಅಲ್ಲಿ ಚಕ್ರ ಹೂತ ಬೈಕನ್ನು ಹೊರಗೆ ತೆಗೆಯುವುದು ನಾಲ್ಕು ಜನರ ಅರ್ಧ ದಿನದ ಕೆಲಸ.

ಇಂಥ ನೆಲದಲ್ಲಿ ಎಷ್ಟೇ ನುರಿತವರಾದರೂ ಬೀಳುತ್ತಾರೆ. ಹತ್ತು ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಬೀಳುವುದರಿಂದ ಮೈಗೆ ಆಗುವ ಪೆಟ್ಟು ಸಾಮಾನ್ಯವಾಗಿ ಕಡಿಮೆ. ಆಮೇಲಿನ ಎತ್ತುವ ಕೆಲಸವೇ ದಣಿಸುವುದು. ಮೂರನೇ ಸಲ ಎತ್ತುವ ಹೊತ್ತಿಗೆ ತೋಳು ನಡುಗುತ್ತದೆ, ನಡುಗುವ ತೋಳಲ್ಲಿ ಕ್ಲಚ್ಚು ಹಿಡಿದರೆ ನಾಲ್ಕನೇ ಸಲ ಬೀಳುವುದು ಖಚಿತ. ಅದಕ್ಕೇ ಸಿಸಿಗಿಂತ ಮೊದಲು ತೂಕ ಕೇಳಿ ಎನ್ನುವುದು.

ಈಗ ನಮ್ಮಲ್ಲಿ ಸಿಗುವ ಗಾಡಿಗಳನ್ನು ಈ ಕಣ್ಣಿನಿಂದ ನೋಡೋಣ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450, 2023ರ ನವೆಂಬರ್‌ನಲ್ಲಿ ಬಂದದ್ದು, 452 ಸಿಸಿ, ಪೆಟ್ರೋಲು ಸೇರಿ 196 ಕೆಜಿ. ಲಡಾಖಿಗೆ ಹೋಗಿ ಬರುವವರಿಗೆ ಅದರಷ್ಟು ಒಳ್ಳೆಯ ಜೊತೆ ಈ ಬೆಲೆಗೆ ಸಿಗದು, ಒಪ್ಪಿದೆ. ಅಡಿಕೆ ತೋಟದ ಬಸಿಗಾಲುವೆಯಲ್ಲಿ ಅದು ಮಗುಚಿದರೆ ಕೊನೆ ಕೊಯ್ಯುವವರನ್ನು ಮರದಿಂದ ಇಳಿಸಿ ಕರೆದುಕೊಂಡು ಬರಬೇಕಾಗುತ್ತದೆ. ಹೀರೋ ಎಕ್ಸ್‌ಪಲ್ಸ್ 200 ಇದಕ್ಕಿಂತ ಮೂವತ್ತೈದು ನಲವತ್ತು ಕೆಜಿ ಹಗುರ. 2019ರಲ್ಲಿ ಅದು ಬಂದಾಗ ಬೆಲೆ ಲಕ್ಷದ ಆಸುಪಾಸು. ಮಣ್ಣುದಾರಿಯ ಬೈಕು ಎಂಬುದು ಸಾಮಾನ್ಯರ ಕೈಗೆ ಎಟುಕಿದ್ದು ನಿಜವಾಗಿ ಆಗಲೇ. 2021ರಲ್ಲಿ ನಾಲ್ಕು ವಾಲ್ವಿನ ಎಂಜಿನ್ ಬಂತು, 2025ರಲ್ಲಿ ನೀರಿನಿಂದ ತಂಪಾಗುವ ಎಕ್ಸ್‌ಪಲ್ಸ್ 210 ಬಂತು. ಇನ್ನೊಂದು ತುದಿಯಲ್ಲಿ ಕವಾಸಕಿ ಕೆಎಲ್‌ಎಕ್ಸ್ 230, ಬರೀ 139 ಕೆಜಿ. 2024ರ ಕೊನೆಗೆ ಬಿಡುಗಡೆಯಾದಾಗ 3.30 ಲಕ್ಷ ಎಂದು ಕೇಳಿ ಎಲ್ಲರೂ ನಕ್ಕು ಸುಮ್ಮನಾಗಿದ್ದರು. ಇಲ್ಲೇ ತಯಾರಿಸಲು ಶುರು ಮಾಡಿದ ಮೇಲೆ ಎರಡು ಲಕ್ಷದೊಳಗೆ ಇಳಿಯಿತು. ಕೆಟಿಎಂ 390 ಎಂಡ್ಯೂರೊ ಆರ್ 2025ರಲ್ಲಿ ಬಂದ ಚುರುಕು ಗಾಡಿ. ಅದರ ಶಕ್ತಿ ನೊರಜುಗಲ್ಲಿನ ಮೇಲೆ ಹೊಸಬರಿಗೆ ಬೇಡವೇ ಬೇಡ.

ತೂಕದ ಅಂಕಿ ಕಾಗದದ ಮೇಲೆ ಓದಿದರೆ ಸಾಲದು. ಕೊಳ್ಳುವ ಮುಂಚೆ ಗೆಳೆಯರ ಬಳಿ ಅದೇ ಗಾಡಿ ಇದ್ದರೆ, ಅವರನ್ನು ಒಪ್ಪಿಸಿ, ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ ಎತ್ತಿ ನೋಡಿ. ಎತ್ತುವುದಕ್ಕೂ ಒಂದು ಕ್ರಮವಿದೆ. ಮೊದಲು ಎಂಜಿನ್ ಬಂದ್ ಮಾಡಿ ಗೇರಿನಲ್ಲಿಡಬೇಕು, ಇಲ್ಲವಾದರೆ ಎದ್ದ ಗಾಡಿ ಉರುಳಿಕೊಂಡು ಹೊರಡುತ್ತದೆ. ಬಲಕ್ಕೆ ಬಿದ್ದಿದ್ದರೆ ಎಡಗಡೆಯ ಸ್ಟ್ಯಾಂಡು ಮೊದಲೇ ಹಾಕಿಡಿ, ಎತ್ತಿದ ಭರದಲ್ಲಿ ಆಚೆ ಮಗುಚುವುದಿಲ್ಲ. ಇಳಿಜಾರಿನಲ್ಲಿ ಬಿದ್ದಿದ್ದರೆ ನೇರ ಎತ್ತಲು ಹೋಗಬೇಡಿ; ಚಕ್ರಗಳು ಇಳಿಜಾರಿನ ಕೆಳಮುಖಕ್ಕೆ ಬರುವಂತೆ ಎಳೆದು ತಿರುಗಿಸಿದರೆ ಅರ್ಧ ಕೆಲಸ ನೆಲವೇ ಮಾಡಿಕೊಡುತ್ತದೆ. ಬೆನ್ನು ಬಗ್ಗಿಸದೆ, ಕುಕ್ಕರಗಾಲಲ್ಲಿ ಕೂತು, ತೊಡೆಯ ಬಲದಿಂದ ಏಳಬೇಕು. ಇಷ್ಟು ಮಾಡಿಯೂ ಒಬ್ಬರಿಂದ ಏಳದ ಗಾಡಿ ಎಷ್ಟು ಚೆಂದವಿದ್ದರೂ ನಿಮ್ಮದಲ್ಲ.

ತೂಕದ ಬೆನ್ನಿಗೇ ಬರುವುದು ಸೀಟಿನ ಎತ್ತರ. ಎಕ್ಸ್‌ಪಲ್ಸ್ 200ರ ಸೀಟು ನೆಲದಿಂದ 825 ಮಿ.ಮೀ. ಅದರದೇ ‘ಪ್ರೊ’ ಮಾದರಿಯದು 891. ಈ 66 ಮಿಲಿಮೀಟರ್ ಎಂದರೆ ನಾಲ್ಕು ಬೆರಳಿನ ಅಗಲ ಅಷ್ಟೇ ಎನ್ನಿಸಬಹುದು. ಐದೂವರೆ ಅಡಿ ಎತ್ತರದವರಿಗೆ ಮೊದಲನೆಯದರಲ್ಲಿ ಎರಡೂ ಕಾಲಿನ ಬೆರಳು ನೆಲ ಮುಟ್ಟುತ್ತವೆ, ಎರಡನೆಯದರಲ್ಲಿ ಒಂದು ಕಡೆ ಜಾರಿ ಕೂತು ಒಂದೇ ಕಾಲು ಊರಬೇಕು. ಗಟ್ಟಿ ನೆಲದಲ್ಲಿ ಒಂದು ಕಾಲು ಸಾಕು. ಆ ಕಾಲು ಊರುವ ಜಾಗದಲ್ಲಿ ಹೊಂಡವಿದ್ದರೆ ಮುಗಿಯಿತು. ಹಾಗಾದರೆ ಪ್ರೊ ಯಾಕೆ ಮಾಡಿದರು? ಅದರ ಮುಂದಿನ ಶಾಕಬ್ಸರ್ 250 ಮಿ.ಮೀ. ಕುಸಿದು ಏಳುತ್ತದೆ, ಸಾಮಾನ್ಯ ಮಾದರಿಯದು 190. ದಿಬ್ಬ ಹಾರಿಸುವವರಿಗೆ ಆ ಉದ್ದ ಬೇಕು. ತೋಟಕ್ಕೆ ಹೋಗಿ ಬರುವವರಿಗೆ 190 ಧಾರಾಳ. ‘ಎತ್ತರದ್ದೇ ಒಳ್ಳೇದು’ ಎನ್ನುವ ಮಾರಾಟಗಾರರ ಮಾತಿಗೆ ನಕ್ಕು, ನಿಮ್ಮ ಕಾಲಿನ ಅಳತೆ ನಂಬಿ.

ಚಕ್ರದ ವಿಷಯ ಸಣ್ಣದು, ಆದರೆ ಮುಖ್ಯ. ಮುಂದಿನ ಚಕ್ರ 21 ಇಂಚು ಇರುವುದು ನೋಟಕ್ಕಲ್ಲ. ದೊಡ್ಡ ಚಕ್ರ ಕಲ್ಲಿಗೆ, ಬೇರಿಗೆ ತಾಗುವ ಕೋನ ಕಡಿಮೆ, ಹಾಗಾಗಿ ಗುದ್ದಿ ನಿಲ್ಲುವ ಬದಲು ಹತ್ತಿ ಇಳಿಯುತ್ತದೆ. ಅಲಾಯ್ ವೀಲು ಬೇಡ, ಸ್ಪೋಕಿನದೇ ಬೇಕು. ಅಲಾಯ್ ಬಿರುಕು ಬಿಟ್ಟರೆ ಬಿಸಾಕಬೇಕು, ಸ್ಪೋಕಿನ ಚಕ್ರ ಸೊಟ್ಟಗಾದರೆ ಬೆಂಡು ತೆಗೆಯುವ ಹಳೇ ಸೈಕಲ್ ಷಾಪಿನವರು ಇನ್ನೂ ಇದ್ದಾರೆ. ಟೈರಿನ ವಿಷಯದಲ್ಲಿ ಹುಡುಗರು ಎಡವುವುದು ಜಾಸ್ತಿ. ದೊಡ್ಡ ದೊಡ್ಡ ಗುಂಡಿಗಳಿರುವ ಪೂರ್ತಿ ಮಣ್ಣಿನ ಟೈರು ರಾಡಿಯಲ್ಲಿ ಕಚ್ಚಿ ಹಿಡಿಯುತ್ತದೆ ನಿಜ. ಮಳೆ ಬಿದ್ದ ಡಾಂಬರಿನಲ್ಲಿ ಆ ಗುಂಡಿಗಳ ತುದಿಯಷ್ಟೇ ನೆಲ ಮುಟ್ಟುವುದರಿಂದ ತಿರುವಿನಲ್ಲಿ ಬಿಟ್ಟುಬಿಡುತ್ತದೆ. ಶಿಕಾರಿಪುರ ಶಿವಮೊಗ್ಗದ ನಡುವೆ ದಿನಾ ಓಡಾಡುವವರಿಗೆ ಎರಡಕ್ಕೂ ಸಲ್ಲುವ ಟೈರೇ ಸರಿ. ಮಣ್ಣಿಗಿಳಿಯುವಾಗ ಗಾಳಿ ಒಂದಿಷ್ಟು ಇಳಿಸಿ, ಸುಮಾರು 20 ಪಿಎಸ್‌ಐ ಸಾಕು, ವಾಪಸು ರಸ್ತೆಗೆ ಬಂದಾಗ ತುಂಬಿಸಿಕೊಳ್ಳಲು ಒಂದು ಕಾಲುಪಂಪು ಬ್ಯಾಗಲ್ಲಿರಲಿ. ಅದಕ್ಕಿಂತ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬು ಸೀಳುತ್ತದೆ.

ಬ್ರೇಕಿನ ಬಗ್ಗೆ ಒಂದು ಮಾತು. 125 ಸಿಸಿಗಿಂತ ಮೇಲಿನ ಎಲ್ಲ ಹೊಸ ಬೈಕುಗಳಿಗೂ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಡಾಂಬರಿನಲ್ಲಿ ಅದು ಜೀವ ಉಳಿಸುತ್ತದೆ. ನೊರಜುಗಲ್ಲಿನ ಇಳಿಜಾರಿನಲ್ಲಿ ಕತೆ ಬೇರೆ: ಚಕ್ರ ಜಾರಲು ಶುರುವಾದ ಕೂಡಲೇ ಎಬಿಎಸ್ ಬ್ರೇಕು ಸಡಿಲಿಸುತ್ತದೆ, ಮತ್ತೆ ಹಿಡಿಯುತ್ತದೆ, ಮತ್ತೆ ಸಡಿಲಿಸುತ್ತದೆ, ಗಾಡಿ ಮಾತ್ರ ಇಳಿಯುತ್ತಲೇ ಇರುತ್ತದೆ. ಸಡಿಲ ನೆಲದಲ್ಲಿ ಹಿಂದಿನ ಚಕ್ರ ಪೂರ್ತಿ ಹಿಡಿದುಕೊಂಡರೇ ಒಳ್ಳೆಯದು, ಅದು ಮಣ್ಣನ್ನು ಉಳುತ್ತ ವೇಗ ಇಳಿಸುತ್ತದೆ. ಎಕ್ಸ್‌ಪಲ್ಸ್ 200ರಲ್ಲಿ ಎಬಿಎಸ್ ಇರುವುದೇ ಮುಂದಿನ ಚಕ್ರಕ್ಕೆ ಮಾತ್ರ. 2023ರ ಮಾದರಿಯಿಂದ ಅದರ ಹಿಡಿತ ಬದಲಿಸುವ ಮೂರು ಆಯ್ಕೆಗಳೂ ಇವೆ. ಬೇರೆ ಯಾವುದೇ ಗಾಡಿ ನೋಡುವಾಗಲೂ ಹಿಂದಿನ ಎಬಿಎಸ್ ಬಂದ್ ಮಾಡುವ ಸ್ವಿಚ್ಚು ಇದೆಯೇ ಎಂದು ಕೇಳಿ. ಡಾಂಬರಿಗೆ ಬಂದಾಗ ಮತ್ತೆ ಹಾಕಿಕೊಳ್ಳುವುದನ್ನು ಮರೆಯಬೇಡಿ.

ಇನ್ನು ಕಾನೂನು. ‘ನಾನು ರಸ್ತೆಗೆ ತರಲ್ಲ, ಕೆರೆ ಏರಿ ಮೇಲೆ ಓಡಿಸ್ತೀನಿ, ನಂಬರ್ ಯಾಕೆ?’ ಎಂಬ ವಾದ ನಮ್ಮ ಕಡೆ ಚಾಲ್ತಿಯಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆ ಬರೀ ರಸ್ತೆಯನ್ನು ಹಿಡಿದು ಕೂತಿಲ್ಲ. ಜನರಿಗೆ ಓಡಾಡುವ ಹಕ್ಕಿರುವ ಯಾವುದೇ ದಾರಿ, ಜಾಗ ಅದರ ಕಣ್ಣಿಗೆ ಸಾರ್ವಜನಿಕ ಸ್ಥಳವೇ. ಕೆರೆ ಏರಿ, ಊರ ಗಾಡಿದಾರಿ, ದೇವಸ್ಥಾನದ ಮುಂದಿನ ಬಯಲು ಎಲ್ಲ ಅದರೊಳಗೆ ಬರುತ್ತವೆ. ನೋಂದಣಿ ಇಲ್ಲದ ಗಾಡಿ ಅಲ್ಲಿ ಯಾರದೋ ದನಕ್ಕೋ ಮಗುವಿಗೋ ಗುದ್ದಿದರೆ ಇನ್ಶೂರೆನ್ಸು ಕೂಡ ಇರುವುದಿಲ್ಲ. ಪರಿಹಾರ ತೋಟ ಮಾರಿ ಕೊಡಬೇಕಾದೀತು. ರೇಸಿಗೆಂದೇ ಮಾಡಿದ ಕವಾಸಕಿ ಕೆಎಕ್ಸ್, ಸುಜುಕಿ ಆರ್‌ಎಂ-ಜೆಡ್‌ನಂಥ ಬೈಕುಗಳನ್ನು ಇಲ್ಲಿ ನೋಂದಾಯಿಸಲು ಬರುವುದೇ ಇಲ್ಲ. ಅವುಗಳಿಗೆ ಹೆಡ್‌ಲೈಟಿಲ್ಲ, ಇಂಡಿಕೇಟರಿಲ್ಲ. ಬೇಲಿ ಹಾಕಿದ ಟ್ರ್ಯಾಕಿಗಷ್ಟೇ ಅವು.

ರಸ್ತೆಗೆ ಲಾಯಕ್ಕಾದ ಗಾಡಿ ಎಂದರೆ ಏನೇನಿರಬೇಕು ಎಂಬುದರಲ್ಲಿ ನಮ್ಮ ದೇಶದ್ದೇ ಒಂದು ವಿಶೇಷವಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂದೆ ಕೂರುವವರಿಗೆ ಹಿಡಿ ಇರಬೇಕು, ಕಾಲಿಡಲು ಜಾಗ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಇರಬೇಕು. ಅದನ್ನೇ ಸೀರೆ ಗಾರ್ಡ್ ಎನ್ನುವುದು. ಹುಡುಗರು ಮನೆಗೆ ತಂದ ದಿನವೇ ಅದನ್ನು ಬಿಚ್ಚಿ ಹಿತ್ತಿಲಿಗೆ ಎಸೆಯುತ್ತಾರೆ. ಅಮ್ಮನನ್ನೋ ಅಕ್ಕನನ್ನೋ ಕೂರಿಸಿಕೊಂಡು ಉಡುಗಣಿಗೋ ಚಂದ್ರಗುತ್ತಿಗೋ ಹೋಗುವ ದಿನ ಬಂದೇ ಬರುತ್ತದೆ. ಆ ತಗಡು ಇರಲಿ ಬಿಡಿ. ಸೈಲೆನ್ಸರ್ ಬದಲಿಸುವುದು ಅದಕ್ಕಿಂತ ಕೆಟ್ಟ ಚಾಳಿ. ಕಂಪನಿ ಕೊಟ್ಟ ರೂಪ ಬದಲಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಎಂದು 2019ರ ತಿದ್ದುಪಡಿ ಹೇಳುತ್ತದೆ. ಅದೇ ತಿದ್ದುಪಡಿಯಲ್ಲಿ ಅಪ್ಪಂದಿರು ಓದಬೇಕಾದ ಒಂದು ಸಾಲೂ ಇದೆ: ಹೈಸ್ಕೂಲು ಹುಡುಗರ ಕೈಗೆ ಗಾಡಿ ಕೊಟ್ಟು ಅವರು ಅಪರಾಧ ಎಸಗಿದರೆ ದೊಡ್ಡವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು.

ದುಡ್ಡಿನ ಲೆಕ್ಕದಲ್ಲಿ ಈಗ ಸಣ್ಣ ಎಂಜಿನ್‌ಗೆ ಒಳ್ಳೇ ಕಾಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ; ಅದಕ್ಕಿಂತ ಮೇಲಿನದಕ್ಕೆ 40 ಆಗಿದೆ. ಅಂದರೆ ಎಕ್ಸ್‌ಪಲ್ಸ್, ಕೆಎಲ್‌ಎಕ್ಸ್ ಈಚೆ ದಡದಲ್ಲಿ, ಹಿಮಾಲಯನ್ 450 ಮತ್ತು 390 ಎಂಡ್ಯೂರೊ ಆಚೆ ದಡದಲ್ಲಿ. ಇದರ ಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ, ಇನ್ಶೂರೆನ್ಸು ಸೇರುವುದರಿಂದ ಷೋರೂಂ ಬೆಲೆ ನೋಡಿ ಹಿಗ್ಗಬೇಡಿ, ‘ಆನ್‌ರೋಡ್ ಎಷ್ಟು?’ ಎಂದೇ ಕೇಳಿ.

ಬೆಲೆಗಿಂತ ನನಗೆ ಮುಖ್ಯ ಎನ್ನಿಸುವುದು ಸ್ಪೇರು. ಮಣ್ಣಲ್ಲಿ ಓಡುವ ಗಾಡಿಯ ಕ್ಲಚ್ಚು ಲಿವರ್ರು, ಗೇರ್ ಲಿವರ್ರು, ಇಂಡಿಕೇಟರು ಇವೆಲ್ಲ ಖರ್ಚಾಗುವ ಸಾಮಾನು. ಸಾಬೂನಿನಂತೆ ಆಗಾಗ ತರುತ್ತಿರಬೇಕು. ಹೀರೋ ಸಾಮಾನು ತಾಲ್ಲೂಕು ಪೇಟೆಯಲ್ಲೇ ಸಿಗುತ್ತದೆ, ಹಳ್ಳಿಯ ಮೆಕ್ಯಾನಿಕ್ಕಿಗೂ ಆ ಎಂಜಿನ್ನಿನ ಪರಿಚಯ ಇದೆ. ಕವಾಸಕಿ 20 ಕೆಜಿ ಹಗುರ ಎಂದು ನನ್ನ ಮನಸ್ಸೂ ಅತ್ತ ವಾಲುತ್ತದೆ. ಒಂದು ಲಿವರ್ರಿಗಾಗಿ ದೂರದ ಪಟ್ಟಣದ ದಾರಿ ಕಾಯುವ ತಾಳ್ಮೆ ಇರುವವರು ಅದನ್ನು ಕೊಳ್ಳಲಿ. ಉಳಿದವರಿಗೆ, ಅಂಬ್ಲಿಗೊಳದಂಥ ಊರಿನಲ್ಲಿ, ಎಕ್ಸ್‌ಪಲ್ಸ್ 200ರ ಸಾಮಾನ್ಯ ಮಾದರಿಯೇ ಸಾಕು ಎಂಬುದು ನನ್ನ ಅಭಿಪ್ರಾಯ. ಡಾಂಬರಿನ ಓಟ ಹೆಚ್ಚಿದ್ದರೆ 210 ನೋಡಬಹುದು. ರೇಸಿನವರ ಲೆಕ್ಕ ಬೇರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿ ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು, ನಮ್ಮ ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದನ್ನು ಮುಗಿಸಿದರು. ಅವರ ಹಿಂದೆ ಮೆಕ್ಯಾನಿಕ್ಕುಗಳ ತಂಡವೇ ಲಾರಿಯಲ್ಲಿ ಬರುತ್ತದೆ. ನಮ್ಮ ಹಿಂದೆ ಬರುವುದು ಹಾಲಿನ ವ್ಯಾನು.

ಸೆಕೆಂಡ್ ಹ್ಯಾಂಡ್ ಹುಡುಕುವವರ ಕಣ್ಣಿಗೆ 2011ರಲ್ಲಿ ಬಂದು ನಿಂತುಹೋದ ಹೀರೋ ಇಂಪಲ್ಸ್ ಬೀಳುತ್ತದೆ. 150 ಸಿಸಿ, 134 ಕೆಜಿ, ಹಗುರ ಮೈಯ ಒಳ್ಳೇ ಗಾಡಿ, ಕಾಲಕ್ಕಿಂತ ಮುಂಚೆ ಹುಟ್ಟಿತು ಅಷ್ಟೇ. ಈಗ ಅದರ ಪ್ಲಾಸ್ಟಿಕ್ಕು ಸಿಗುವುದು ಕಷ್ಟ. ಇನ್ನು ಯಮಹಾ ಆರ್‌ಎಕ್ಸ್ 100ಕ್ಕೆ ಗುಂಡಿ ಟೈರು ಹಾಕಿಸಿ ಡರ್ಟ್ ಬೈಕ್ ಮಾಡುವ ಹುಚ್ಚು. 1996ರಲ್ಲೇ ತಯಾರಿ ನಿಂತ ಗಾಡಿ ಅದು. ಆರ್‌ಸಿ ಹದಿನೈದು ವರ್ಷದ ಮೇಲೆ ನವೀಕರಣ ಆಗಿದೆಯೇ, ಚಾಸಿ ನಂಬರು ಆರ್‌ಸಿಯಲ್ಲಿನ ನಂಬರಿಗೆ ತಾಳೆಯಾಗುತ್ತದೆಯೇ ಎಂದು ನೋಡದೆ ಬಯಾನ ಕೊಡಬೇಡಿ. ಬಳಸಿದ ಎಕ್ಸ್‌ಪಲ್ಸ್ ನೋಡುವಾಗ ಎಂಜಿನ್ ಶಬ್ದಕ್ಕಿಂತ ಮೊದಲು ಹೊಟ್ಟೆಯಡಿ ಬಗ್ಗಿ ನೋಡಿ. ತಗಡು ನುಗ್ಗಾಗಿದ್ದರೆ ಕಲ್ಲಿನ ಮೇಲೆ ಓಡಿದೆ. ಏರ್ ಫಿಲ್ಟರ್ ಬಿಚ್ಚಿಸಿ. ಕೆಂಪು ಧೂಳು ಫಿಲ್ಟರಿನ ಒಳಮಗ್ಗುಲಲ್ಲೂ ಕಂಡರೆ ಅದು ಎಂಜಿನ್ನಿಗೂ ಹೋಗಿದೆ ಎಂದೇ ಅರ್ಥ, ಬೆಲೆ ಎಷ್ಟೇ ಇಳಿಸಿದರೂ ಎದ್ದು ಬನ್ನಿ.

ಗಾಡಿ ಬಂತು, ಕೆಎ 14 ಅಥವಾ ಕೆಎ 15 ಪ್ಲೇಟೂ ಬಂತು. ಎಲ್ಲಿ ಓಡಿಸುವುದು? ಪ್ಲೇಟು ಇದ್ದ ಮಾತ್ರಕ್ಕೆ ಕಂಡ ದಾರಿಯೆಲ್ಲ ನಮ್ಮದಾಗದು. ಗದ್ದೆ ಅಂಚು ಬೇರೆಯವರದು. ನಾಟಿಯ ಹೊತ್ತಿಗೆ ಚಕ್ರ ಹಾಯಿಸಿ ಅಂಚು ಕುಸಿದರೆ ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ನುಗ್ಗಿ ಎರಡು ಮನೆಗಳಿಗೆ ಜಗಳ ಹಚ್ಚುತ್ತದೆ. ಚಾನೆಲ್ ಪಕ್ಕದ ದಾರಿ ನೀರಾವರಿ ಇಲಾಖೆಯದು. ಮೀಸಲು ಅರಣ್ಯದೊಳಗೆ ಗಾಡಿ ನುಗ್ಗಿಸಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅದು ಅತಿಕ್ರಮ ಪ್ರವೇಶ, ಗಾಡಿ ಜಪ್ತಿಯಾದರೆ ಬಿಡಿಸಿಕೊಳ್ಳುವ ಅಲೆದಾಟ ಬೇರೆ.

ಕಾನುಗಳ ಮಾತು ಇನ್ನೂ ಬೇರೆ. ಸೊರಬದ ಕಾನುಗಳ ಮೇಲೆಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು 1868ರಲ್ಲಿ ಒಂದು ಜಂಟಿ ವರದಿ ಬರೆದಿದ್ದರು. ಅಷ್ಟು ಹಿಂದೆಯೇ ಇವು ಬರೀ ಕಾಡಲ್ಲ ಎಂಬುದು ಹೊರಗಿನವರಿಗೂ ತಿಳಿದಿತ್ತು. ಮೆಣಸು, ದೇವರ ಬನ, ಕೆಳಗಿನ ಗದ್ದೆಗಳಿಗೆ ಬೇಸಿಗೆಯವರೆಗೂ ಜಿನುಗುವ ನೀರು ಎಲ್ಲ ಅಲ್ಲಿಂದ. ಕಾನಿನ ಇಳಿಜಾರಿನಲ್ಲಿ ದರಗಿನ ಹಾಸು ಮಳೆನೀರನ್ನು ತಡೆದು ಇಂಗಿಸುತ್ತದೆ. ಗುಂಡಿ ಟೈರು ಅದನ್ನು ಕೆದಕಿ ಒಂದು ಗೀರು ಎಳೆದರೆ ಮೊದಲ ಮಳೆಗೆ ಆ ಗೀರಿನಲ್ಲೇ ನೀರು ಓಡುತ್ತದೆ, ಎರಡನೇ ಮಳೆಗೆ ಅದು ಮೊಣಕಾಲುದ್ದದ ಕೊರಕಲು, ಮಣ್ಣೆಲ್ಲ ಕೆಳಗಿನ ಹಳ್ಳಕ್ಕೆ. ಹಾಗಾಗಿ ಓಡಿಸಲು ಉಳಿಯುವುದು ಊರಿನಿಂದ ಊರಿಗೆ ಹೋಗುವ ಹಳೇ ಗಾಡಿದಾರಿಗಳು, ಸ್ವಂತ ಹಕ್ಕಲು, ಗೆಳೆಯರು ಒಪ್ಪಿಗೆ ಕೊಟ್ಟ ಬ್ಯಾಣ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಅಂಥ ಗಾಡಿದಾರಿಗಳಿಗೆ ಬರವಿಲ್ಲ. ಎಲ್ಲೆಲ್ಲಿ ಹೋಗುತ್ತವೆ ಎಂಬುದನ್ನು ಮೊಬೈಲಿನ ಮ್ಯಾಪಿಗಿಂತ ಎಕ್ಸೆಲ್ ಅಜ್ಜನೇ ಚೆನ್ನಾಗಿ ಹೇಳುತ್ತಾನೆ, ಮಳೆಗಾಲದಲ್ಲಿ ಯಾವ ಹಳ್ಳ ಎಷ್ಟು ಹೊತ್ತಿಗೆ ಏರುತ್ತದೆ ಎಂಬುದನ್ನೂ ಸೇರಿಸಿ.